ಅಲೆಮಾರಿ ಮಂದೆ ನೆಲೆ ನಿಂತ ಬಗೆ



ಬೆಳೆ ನಿಂತ ಹೊಲಕ್ಕೆ ಬೇರೆಯವರ ದನ ನುಗ್ಗಿದರೆ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ದನ ಮೇಯ್ದರೂ ಊರಿನಲ್ಲಿ ಪಂಚಾಯಿತಿ ಸೇರುತ್ತದೆ. ಹೀಗಿರುವಾಗ ಒಂದು ಇಡೀ ಜನಾಂಗವೇ ತನ್ನ ಮಂದೆಗಳೊಡನೆ ಬೇಸಾಯಗಾರರ ನಾಡಿಗೆ ಬಂದಿಳಿದರೆ? ಸುಮಾರು 800 ವರ್ಷಗಳ ಹಿಂದೆ ಯೂರೋಪಿನ ಹಂಗೇರಿ ದೇಶದಲ್ಲಿ ಹೀಗೆಯೇ ಆಯಿತು.

ಹುಲ್ಲುಗಾವಲಿನ ಪದ್ಧತಿ

ಕುಮಾನರು ಕಪ್ಪು ಸಮುದ್ರದ ಉತ್ತರಕ್ಕಿರುವ ವಿಶಾಲ ಹುಲ್ಲುಗಾವಲಿನ ಅಲೆಮಾರಿಗಳು. ಕುದುರೆ, ಕುರಿ, ದನಗಳೇ ಅವರ ಆಸ್ತಿ. ಅಂಥ ಬಯಲಿನಲ್ಲಿ ಮೇವನ್ನು ಮಂದೆಯ ಬಳಿಗೆ ತರುವುದಿಲ್ಲ. ಮಂದೆಯನ್ನೇ ಮೇವಿನ ಬಳಿಗೆ ಒಯ್ಯುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಕುದುರೆಗಳು ಗೊರಸಿನಿಂದ ಹಿಮವನ್ನು ಕೆದರಿ ಹುಲ್ಲು ಮೇಯುತ್ತವೆ. ಅವುಗಳ ಹಿಂದೆ ಬರುವ ಕುರಿಗಳಿಗೆ ಉಳಿದ ಹುಲ್ಲು ದೊರೆಯುತ್ತದೆ. ಈ ಪದ್ಧತಿಗೆ ಬೇಕಾದುದು ಒಂದೇ: ಕೊನೆಯಿಲ್ಲದ ಬಯಲು.

ಹೊಸ ನಾಡು, ಹೊಸ ಜಗಳ

ಮಂಗೋಲರ ದಾಳಿಗೆ ಸಿಕ್ಕಿದ ಕುಮಾನರು ತಮ್ಮ ನಾಯಕ ಕೋಟೆನ್‌ನೊಡನೆ 1239ರಲ್ಲಿ ಹಂಗೇರಿಗೆ ಬಂದರು. ರಾಜ ನಾಲ್ಕನೆಯ ಬೇಲ ಅವರಿಗೆ ಆಶ್ರಯ ನೀಡಿದನು. ಆದರೆ ಮಂದೆಗಳು ಎಲ್ಲಿ ಮೇಯಬೇಕು, ಯಾವ ಎಲ್ಲೆ ದಾಟಬಾರದು ಎಂಬುದು ಇತ್ಯರ್ಥವಾಗಲಿಲ್ಲ. ಮಂದೆಗಳು ಪೈರು, ತೋಟ, ದ್ರಾಕ್ಷಿ ಬಳ್ಳಿಗಳನ್ನು ಹಾಳು ಮಾಡಿದವೆಂದು ಆ ಕಾಲದ ಪಾದ್ರಿ ರೊಜೇರಿಯಸ್ ಬರೆದಿಟ್ಟಿದ್ದಾನೆ. ದ್ವೇಷ ಬೆಳೆಯಿತು. ಕುಮಾನರು ಶತ್ರುವಿನ ಗೂಢಚಾರರೆಂಬ ಗುಮಾನಿಯೂ ಸೇರಿತು. 1241ರಲ್ಲಿ ಪೆಸ್ಟ್ ನಗರದಲ್ಲಿ ಕೋಟೆನ್‌ನ ಕೊಲೆಯಾಯಿತು. ಕುಮಾನರು ಹಳ್ಳಿಗಳನ್ನು ಸೂರೆಮಾಡುತ್ತ ದಕ್ಷಿಣಕ್ಕೆ ಹೊರಟುಹೋದರು. ಅದೇ ವರ್ಷ ಏಪ್ರಿಲ್‌ನಲ್ಲಿ ಮಂಗೋಲರು ಮುಹಿ ಎಂಬಲ್ಲಿ ಹಂಗೇರಿಯ ಸೇನೆಯನ್ನು ಸೋಲಿಸಿದರು. ಆಗ ನೆರವಾಗಬೇಕಿದ್ದ ಕುಮಾನ್ ಸವಾರರು ಅಲ್ಲಿರಲಿಲ್ಲ.

ನೆಲೆ ನಿಂತದ್ದು ಹೇಗೆ?

ಮಂಗೋಲರು 1242ರಲ್ಲಿ ಹಿಂದಿರುಗಿದರು. ಕೆಲವು ವರ್ಷಗಳ ನಂತರ ಬೇಲ ಕುಮಾನರನ್ನು ಮತ್ತೆ ಕರೆಸಿದನು. ಈ ಬಾರಿ ಡ್ಯಾನ್ಯೂಬ್ ಮತ್ತು ಟಿಸಾ ನದಿಗಳ ನಡುವೆ ಹಾಗೂ ಟಿಸಾದ ಆಚೆ, ಯುದ್ಧದಿಂದ ಬರಿದಾದ ಬಯಲುಗಳಲ್ಲಿ ಅವರಿಗೆ ಪ್ರತ್ಯೇಕ ನೆಲ ದೊರೆಯಿತು. ಡೇರೆ ಬಿಟ್ಟು ಮನೆ ಕಟ್ಟಿ ಹಳ್ಳಿಗಳಲ್ಲಿ ವಾಸಿಸಬೇಕೆಂದು 1279ರಲ್ಲಿ ಕಾನೂನಾಯಿತು. ಆದರೆ ಪಶುಪಾಲಕರ ರೂಢಿ ಕಾಗದದ ಮೇಲಿನ ಆಜ್ಞೆಯಿಂದ ಬದಲಾಗುವುದಿಲ್ಲ. ಅದಕ್ಕೆ ತಲೆಮಾರುಗಳೇ ಹಿಡಿದವು.

ಸೆಂಟ್‌ಕಿರಾಯ್ ಎಂಬಲ್ಲಿ 15ನೇ ಶತಮಾನದ ಕುಮಾನ್ ಹಳ್ಳಿಯೊಂದನ್ನು ಅಗೆದು ನೋಡಲಾಗಿದೆ. ಅಲ್ಲಿ ಡೇರೆಗಳ ಬದಲು ಮನೆಗಳಿದ್ದವು. ದನ, ಕುರಿ, ಕುದುರೆಗಳ ಜೊತೆಗೆ ಹಂದಿಯ ಮೂಳೆಗಳೂ ಸಿಕ್ಕಿವೆ. ಹಂದಿ ಅಲೆಮಾರಿ ಜೀವನಕ್ಕೆ ಅಷ್ಟಾಗಿ ಒಗ್ಗುವ ಪ್ರಾಣಿಯಲ್ಲ. ಅದನ್ನು ಸಾಕಿದವನು ನೆಲೆ ನಿಂತವನೇ ಸರಿ. ಆದರೂ ಕುದುರೆ ಮಾಂಸ ತಿನ್ನುವ ಹಳೆಯ ರೂಢಿ ಅವರಲ್ಲಿ ಉಳಿದಿತ್ತು. ಮುಂದೆ 16ನೇ ಶತಮಾನದಲ್ಲಿ ಹಂಗೇರಿಯ ಬಯಲಿನಿಂದ ವಿಯೆನ್ನಾ, ನ್ಯೂರೆಂಬರ್ಗ್‌ಗಳ ಮಾರುಕಟ್ಟೆಗೆ ಪ್ರತಿವರ್ಷ ಸಾವಿರಾರು ದನಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ಒಮ್ಮೆ ಜಗಳ ತಂದಿದ್ದ ಪಶುಪಾಲನೆಯೇ ಆ ಬಯಲಿಗೆ ಸಂಪತ್ತು ತಂದಿತು.

ನಾವು ತಿಳಿಯಬೇಕಾದುದು

ಮಂದೆಯೂ ಹೊಲವೂ ಹುಟ್ಟಿನಿಂದ ಶತ್ರುಗಳಲ್ಲ. ಮೇವಿನ ನೆಲ ಎಷ್ಟು, ದಾರಿ ಯಾವುದು, ನಷ್ಟವಾದರೆ ತುಂಬಿಕೊಡುವವರು ಯಾರು ಎಂಬುದನ್ನು ಮಂದೆ ಬರುವ ಮೊದಲೇ ಮಾತಾಡಿಕೊಳ್ಳಬೇಕು. ಪೈರು ಹಾಳಾದ ಮೇಲೆ ಆಡುವ ಮಾತು ಜಗಳವಾಗುತ್ತದೆಯೇ ಹೊರತು ಒಪ್ಪಂದವಾಗುವುದಿಲ್ಲ.