ಫಡ್ಜ್ ಎಂಬ ಮಿಠಾಯಿ: ಒಂದು ಪಾಕಪಾಠ

ನಮ್ಮ ಗೃಹವಿಜ್ಞಾನದ ತರಗತಿಯಲ್ಲಿ ಮೈಕ್ರೋವೇವ್ ಒಲೆಯಿಂದ ಫಡ್ಜ್ ಎಂಬ ಮಿಠಾಯಿಯನ್ನು ಮಾಡಿಸುತ್ತೇವೆಂದು ತಿಳಿದು, ಡಬ್ಬಿಯ ಹಾಲನ್ನೂ ಅಂಗಡಿಯ ಚಾಕಲೇಟನ್ನೂ ಪೆಟ್ಟಿಗೆಯೊಳಗಿಟ್ಟು ಗುಂಡಿ ಒತ್ತುವದರಲ್ಲಿ ಕಲಿಯತಕ್ಕದ್ದೇನಿದೆ ಎಂದು ಕೆಲವು ತಾಯಂದಿರು ಕೇಳಿದ್ದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಆದಕಾರಣ ಆ ಪಾಠವನ್ನು ತರಗತಿಯಲ್ಲಿ ಹೇಳುವ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇವೆ.

ಫಡ್ಜ್ ಅಮೇರಿಕ ದೇಶದ ತಿನಿಸು. ೧೮೮೬ನೆಯ ಇಸವಿಯಲ್ಲಿ ಬಾಲ್ಟಿಮೋರ್ ಪಟ್ಟಣದಲ್ಲಿ ಇದು ಪೌಂಡಿಗೆ ೪೦ ಸೆಂಟುಗಳಂತೆ ಮಾರಲ್ಪಡುತ್ತಿತ್ತೆಂದು ಎಮಿಲಿನ್ ಹಾರ್ಟ್ರಿಜ್ ಎಂಬಾಕೆಯು ಬರೆದ ಪತ್ರದಿಂದ ತಿಳಿದುಬರುತ್ತದೆ. ಈಕೆಯು ನ್ಯೂಯಾರ್ಕ್ ಪ್ರಾಂತದ ವಾಸರ್ ಎಂಬ ಸ್ತ್ರೀಯರ ಕಾಲೇಜಿನ ವಿದ್ಯಾರ್ಥಿನಿ. ಮಾಡುವ ಕ್ರಮವನ್ನು ಸಂಪಾದಿಸಿ, ೧೮೮೮ರಲ್ಲಿ ಕಾಲೇಜಿನ ಹರಾಜಿಗಾಗಿ ೩೦ ಪೌಂಡುಗಳಷ್ಟು ಮಿಠಾಯಿಯನ್ನು ತಾನೇ ಮಾಡಿದಳು. ಅಲ್ಲಿಂದ ಈ ತಿನಿಸು ಬೇರೆ ಸ್ತ್ರೀ ಕಾಲೇಜುಗಳಿಗೂ ಹಬ್ಬಿತು. ವಸತಿಗೃಹದ ಹುಡುಗಿಯರು ಮಲಗುವ ಹೊತ್ತು ಮೀರಿದ ಮೇಲೆ ಕೋಣೆಯ ಅನಿಲದೀಪದ ಮೇಲೆಯೇ ಇದನ್ನು ಕಾಯಿಸುತ್ತಿದ್ದರಂತೆ. ನಮ್ಮ ವಸತಿಗೃಹದ ಬಾಲಿಕೆಯರು ಇದೊಂದನ್ನು ಅನುಸರಿಸಬಾರದೆಂದು ಕೇಳಿಕೊಳ್ಳುತ್ತೇವೆ.

ಆ ಹುಡುಗಿಯರು ಮಾಡಿದ್ದು ಸುಲಭದ ಕೆಲಸವಲ್ಲ. ಸಕ್ಕರೆ, ಹಾಲು, ಬೆಣ್ಣೆ, ಚಾಕಲೇಟುಗಳನ್ನು ಕೂಡಿಸಿ ಸುಮಾರು ೧೧೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಸಬೇಕು. ಉಷ್ಣಮಾಪಕವಿಲ್ಲದಿದ್ದರೆ ಒಂದು ತೊಟ್ಟನ್ನು ತಣ್ಣೀರಿನಲ್ಲಿ ಬಿಟ್ಟು, ಅದು ಬೆರಳುಗಳ ನಡುವೆ ಮೆತ್ತಗಿನ ಉಂಡೆಯಾಗುವದೋ ಎಂದು ನೋಡಬೇಕು. ನಮ್ಮ ಅಜ್ಜಿಯರು ಉಂಡೆ ಕಟ್ಟುವದಕ್ಕೆ ಬೆಲ್ಲದ ಪಾಕವನ್ನು ನೋಡುತ್ತಿದ್ದದ್ದೂ ಹೀಗೆಯೇ. ಪಾಕವು ಸಿದ್ಧವಾದ ಮೇಲೆ ಪಾತ್ರೆಯನ್ನು ಇಳಿಸಿ, ಕೈಯಿಂದ ಮುಟ್ಟಬಹುದಾದಷ್ಟು, ಅಂದರೆ ೪೫ ಡಿಗ್ರಿಯಷ್ಟು, ಆರುವ ತನಕ ಸೌಟನ್ನು ಹಾಕಲೇಬಾರದು. ಬಿಸಿಯಿರುವಾಗಲೇ ಕಲಕಿದರೆ ಸಕ್ಕರೆಯ ಹರಳುಗಳು ಕೆಲವೇ ಹುಟ್ಟಿ, ಬೆಳೆದು ದೊಡ್ಡವಾಗುತ್ತವೆ. ಮಿಠಾಯಿಯು ನಾಲಿಗೆಗೆ ಮರಳಿನಂತೆ ತಗಲುವದು. ಆರಿದ ಮೇಲೆ ಎಡೆಬಿಡದೆ ಕಡೆದರೆ ಅಸಂಖ್ಯಾತ ಹರಳುಗಳು ಒಮ್ಮೆಲೇ ಹುಟ್ಟುವವು, ಒಂದೂ ದೊಡ್ಡದಾಗಲಾರದು. ಫಡ್ಜಿನ ಮೃದುತ್ವವೆಲ್ಲವೂ ಈ ಕಾಯುವದರಲ್ಲಿಯೂ ಕಡೆಯುವದರಲ್ಲಿಯೂ ಇದೆ. ಈ ಭಾಗವನ್ನು ನಾವು ಎಂದೂ ಬಿಡುವದಿಲ್ಲ.

ಹಾಗಾದರೆ ಸುಲಭ ಕ್ರಮವು ಸುಲಭವಾದದ್ದು ಹೇಗೆ? ಕಷ್ಟದ ಕೆಲಸವನ್ನು ಬೇರೆಯವರು ಮುಂಚೆಯೇ ಮಾಡಿಟ್ಟಿರುತ್ತಾರೆ. ಸಿಹಿಯಾದ ಕಂಡೆನ್ಸ್ಡ್ ಹಾಲಿನಲ್ಲಿ ನೀರನ್ನು ಬಹುಮಟ್ಟಿಗೆ ಇಂಗಿಸಿ ಸಕ್ಕರೆಯನ್ನು ಕರಗಿಸಿರುತ್ತಾರೆ. ಅದನ್ನು ಬಿಸಿಮಾಡಿ ಚಾಕಲೇಟನ್ನು ಬೆರೆಸಿದರೆ, ಆರುವಾಗ ಚಾಕಲೇಟಿನ ಕೊಕೋ ಬೆಣ್ಣೆಯು ಹೆಪ್ಪುಗಟ್ಟಿ ಎಲ್ಲವನ್ನೂ ಹಿಡಿದು ನಿಲ್ಲಿಸುವದು. ಇಲ್ಲಿ ಪಾಕವಿಲ್ಲ, ಹರಳಿನ ಭಯವೂ ಇಲ್ಲ. ಇದು ನಿಜವಾದ ಫಡ್ಜಲ್ಲವೆಂದು ಹಳಬರು ಹೇಳುವ ಮಾತು ಸರಿಯೇ. ಆದರೆ ರುಚಿಗೆ ಕುಂದಿಲ್ಲ; ಹನ್ನೆರಡು ವರುಷದ ಹುಡುಗಿಯ ಮುಂದೆ ಕುದಿಯುವ ಪಾಕವನ್ನು ಇಡಬೇಕಾಗಿಯೂ ಇಲ್ಲ.

ಒಲೆಯ ವಿಷಯವಾಗಿ ಎರಡು ಮಾತು. ೧೯೪೫ರಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಅಮೇರಿಕದ ಯಂತ್ರಜ್ಞನು ರೇಡಾರಿನ ನಳಿಗೆಯ ಸಮೀಪದಲ್ಲಿ ನಿಂತಿದ್ದಾಗ ಅವನ ಜೇಬಿನ ಮಿಠಾಯಿಯು ಕರಗಿತೆಂದು ಹೇಳುತ್ತಾರೆ. ಅದರಿಂದಲೇ ಈ ಒಲೆಯ ಯೋಚನೆ ಹುಟ್ಟಿತು. ಇದರ ಅಲೆಗಳು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲ್ಲಾಡಿಸಿ ಬಿಸಿಯನ್ನು ಹುಟ್ಟಿಸುತ್ತವೆ. ಈ ಬಿಸಿಯು ಎಲ್ಲೆಡೆ ಸಮನಾಗಿರುವದಿಲ್ಲ. ಒಂದು ಮೂಲೆ ಕುದಿಯುತ್ತಿರುವಾಗ ಮತ್ತೊಂದು ಮೂಲೆ ತಣ್ಣಗಿರಬಹುದು. ಒಳಗಿನ ತಟ್ಟೆಯು ತಿರುಗುವದು ಇದಕ್ಕಾಗಿಯೇ. ನಾವು ಪದೇ ಪದೇ ಕಲಕುವದೂ ಇದಕ್ಕಾಗಿಯೇ.

ಇನ್ನು ಮಾಡುವ ಕ್ರಮ. ೪೦೦ ಗ್ರಾಮ್ ಕಪ್ಪು ಚಾಕಲೇಟನ್ನು ಸಣ್ಣಗೆ ಹೆಚ್ಚಿಕೊಳ್ಳಿರಿ. ಮೈಕ್ರೋವೇವ್ ಒಲೆಗೆ ತಕ್ಕದಾದ ದೊಡ್ಡ ಗಾಜಿನ ಬೋಗುಣಿಯಲ್ಲಿ ಅದನ್ನು ಹಾಕಿ, ಸುಮಾರು ೪೦೦ ಗ್ರಾಮಿನ ಒಂದು ಡಬ್ಬಿ ಹಾಲನ್ನೂ ೨೫ ಗ್ರಾಮ್ ಬೆಣ್ಣೆಯನ್ನೂ ಚಿಟಿಕೆ ಉಪ್ಪನ್ನೂ ಸೇರಿಸಿರಿ. ಹಾಲನ್ನು ಡಬ್ಬಿಯ ಸಮೇತ ಇಡಲೇಕೂಡದು. ಲೋಹವು ಒಳಗೆ ಕಿಡಿ ಹಾರಿಸುವದು. ನಮ್ಮ ಮನೆಗಳಲ್ಲಿ ಎಲ್ಲಾ ಪಾತ್ರೆಗಳೂ ಸ್ಟೀಲಿನವೇ ಆದ್ದರಿಂದ ಇದನ್ನು ಹುಡುಗಿಯರಿಗೆ ಎರಡು ಸಾರಿ ಹೇಳುತ್ತೇವೆ. ಒಲೆಯನ್ನು ಮಧ್ಯಮ ಶಕ್ತಿಯಲ್ಲಿಟ್ಟು ಅರ್ಧ ನಿಮಿಷ ಕಾಯಿಸಿ, ಹೊರಗೆ ತೆಗೆದು ಚೆನ್ನಾಗಿ ಕಲಕಿ, ಪುನಃ ಅರ್ಧ ನಿಮಿಷ ಇಡಿರಿ. ಚಾಕಲೇಟು ಕರಗಿದ ಮೇಲೆಯೂ ತನ್ನ ಆಕಾರವನ್ನು ಬಿಡದೆ ಗಟ್ಟಿಯಾಗಿರುವಂತೆ ತೋರಿ ಮೋಸಗೊಳಿಸುವದು. ಆದ್ದರಿಂದ ಕಣ್ಣನ್ನು ನಂಬದೆ ಸೌಟನ್ನು ನಂಬತಕ್ಕದ್ದು. ಸ್ವಲ್ಪ ತುಂಡುಗಳು ಉಳಿದಿರುವಾಗಲೇ ಒಲೆಯನ್ನು ನಿಲ್ಲಿಸಿ ಕಲಕುತ್ತಿದ್ದರೆ ಉಳಿದದ್ದು ತಾನೇ ಕರಗುವದು. ಕಡೆಗೆ ಒಂದು ಸಣ್ಣ ಚಮಚ ವೆನಿಲ್ಲಾವನ್ನೂ, ಬೇಕಾದರೆ ಹುರಿದ ಗೋಡಂಬಿಯ ಚೂರುಗಳನ್ನೂ ಬೆರೆಸಿ, ಬಟರ್ ಪೇಪರ್ ಹಾಸಿದ ೨೦ ಸೆಂಟಿಮೀಟರಿನ ಚೌಕ ತಟ್ಟೆಗೆ ಸುರಿದು ಸಮಮಾಡಿರಿ.

ಕಾವು ಹೆಚ್ಚಾದರೆ ಎಣ್ಣೆಯು ಬೇರೆಯಾಗಿ ಮೇಲೆ ಬರುವದು. ಆಗ ಒಂದೆರಡು ಚಮಚ ಬಿಸಿ ಹಾಲನ್ನು ಹಾಕಿ ಜೋರಾಗಿ ಕಲಕಿದರೆ ಬಹಳ ಸಾರಿ ಕೂಡಿಕೊಳ್ಳುತ್ತದೆ. ಅಂಗಡಿಗಳಲ್ಲಿ ಕಾಂಪೌಂಡ್ ಎಂಬ ಹೆಸರಿನಿಂದ ಮಾರುವ ಅಗ್ಗದ ಗಟ್ಟಿಯಲ್ಲಿ ಕೊಕೋ ಬೆಣ್ಣೆಗೆ ಬದಲಾಗಿ ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅದರಿಂದಲೂ ಮಿಠಾಯಿಯಾಗುವದು, ಆದರೆ ಬಾಯಿಗೆ ಮೇಣದಂತೆ ಹತ್ತುವದಾದ್ದರಿಂದ ನಾವು ಅದನ್ನು ಮೆಚ್ಚುವದಿಲ್ಲ.

ಸುಲಭವೆಂಬ ಮಾತಿನಿಂದ ಯಾರೂ ಅಜಾಗ್ರತೆಯುಳ್ಳವರಾಗಬಾರದು. ಬಿಸಿಯಾದ ಸಕ್ಕರೆಯು ನೀರಿನಂತೆ ಜಾರಿಹೋಗದೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುವದು. ಬೋಗುಣಿಯನ್ನು ದಪ್ಪ ಬಟ್ಟೆಯಿಂದಲೇ ಹಿಡಿಯಬೇಕು. ಕೈ ಸುಟ್ಟರೆ ಬಳೆ ಉಂಗುರಗಳನ್ನು ಕೂಡಲೇ ತೆಗೆದು ೨೦ ನಿಮಿಷಗಳ ಪರ್ಯಂತರ ಹರಿಯುವ ತಣ್ಣೀರಿನ ಕೆಳಗೆ ಹಿಡಿಯತಕ್ಕದ್ದು. ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಇವು ಯಾವವನ್ನೂ ಹಚ್ಚಬಾರದು. ಬೊಕ್ಕೆ ದೊಡ್ಡದಾದರೆ ವೈದ್ಯರಿಗೆ ತೋರಿಸಬೇಕು. ನಮ್ಮ ತರಗತಿಯಲ್ಲಿ ಈ ಮಾತುಗಳನ್ನು ಒಪ್ಪಿಸದ ಹುಡುಗಿಗೆ ಒಲೆಯ ಗುಂಡಿಯನ್ನು ಮುಟ್ಟುವ ಅಪ್ಪಣೆಯಿಲ್ಲ. ಸಂಜೆ ತಾಯ್ತಂದೆಗಳು ಕೆಲಸದಿಂದ ಬರುವದಕ್ಕೆ ಮುಂಚೆ ಮನೆಯಲ್ಲಿ ಒಬ್ಬಳೇ ಇರುವ ಮಗುವಿಗೆ ಮಿಠಾಯಿಗಿಂತಲೂ ಇದೇ ಮುಖ್ಯವಾದ ಪಾಠವೆಂದು ನಮ್ಮ ಅಭಿಪ್ರಾಯ.

ತಟ್ಟೆಯನ್ನು ಫ್ರಿಜ್ಜಿನಲ್ಲಿ ಮೂರು ತಾಸು ಇಟ್ಟು, ಬಿಸಿನೀರಿನಲ್ಲಿ ಅದ್ದಿ ಒರಸಿದ ಚೂರಿಯಿಂದ ಉದ್ದಕ್ಕೆ ಆರು, ಅಡ್ಡಕ್ಕೆ ಆರರಂತೆ ಕೊಯ್ದರೆ ೩೬ ತುಂಡುಗಳಾಗುವವು. ಸಿಹಿಯು ಬಹಳವಾದ್ದರಿಂದ ಒಬ್ಬರಿಗೆ ಒಂದು ತುಂಡು ಸಾಕು. ಕೊಕೋ ಬೆಣ್ಣೆಯು ೩೪ ಡಿಗ್ರಿಯಷ್ಟರಲ್ಲಿಯೇ ಕರಗುವದು. ಆದಕಾರಣ ಕ್ರಿಸ್‌ಮಸ್ಸಿನ ದಿನಗಳಲ್ಲಿ ತುಂಡುಗಳು ತಟ್ಟೆಯ ಮೇಲೆ ಗಟ್ಟಿಯಾಗಿಯೇ ನಿಂತರೂ, ಏಪ್ರಿಲ್ ತಿಂಗಳ ಸೆಖೆಯಲ್ಲಿ ತಿನ್ನುವ ಹೊತ್ತಿನ ತನಕ ಫ್ರಿಜ್ಜಿನೊಳಗೇ ಇರತಕ್ಕದ್ದು.