ನಗದೆ ನಗಿಸುವವನ ಮುಂದೆ ಕೂತು

ನಮ್ಮ ಚಿಕ್ಕೇರೂರಿನ ಕಟ್ಟೆಯಿಂದಲೇ ಪಾಠ ಶುರು ಮಾಡೋಣ. ಗೋವಿನಜೋಳದ ರಾಶಿ ಮುಗಿದಿದೆ, ಅಜ್ಜ ಒಬ್ಬರೇ ಕೂತಿದ್ದಾರೆ ಎಂದುಕೊಳ್ಳಿ. ಹುಡುಗನೊಬ್ಬ ಕೇಳುತ್ತಾನೆ: “ಅಜ್ಜಾ, ರಾತ್ರಿ ನಿದ್ದಿ ಬಂತೇನ್ರಿ?” ಅಜ್ಜ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳುತ್ತಾರೆ: “ಬಂದಿತ್ತೋ ತಮ್ಮಾ. ನಾ ಎಚ್ಚರಿದ್ದೆ, ತಿರುಗಿ ಹೋತು.”

ನಿಮಗೆ ನಗು ಬಂತು. ಅಜ್ಜ ನಗಲಿಲ್ಲ. ಮನೆಗೆ ಹೋಗುವಾಗ ಆ ಮಾತು ಮತ್ತೆ ನೆನಪಾಗಿ, ಅವರು ಎಷ್ಟು ರಾತ್ರಿಗಳಿಂದ ಮಲಗಿಲ್ಲವೋ ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಗುಮ್ಮಾಗಿ ನಗಿಸುವ ಸಿನಿಮಾ ಮಾಡುವ ಕೆಲಸ ಇಷ್ಟೇ. ಆದರೆ ಇದು ಬಹಳ ಕಷ್ಟದ ಕೆಲಸ.

ಇಂಥ ಸಿನಿಮಾದ ಒಂದು ಬಗೆ, ಒಂಟಿ ಗಂಡಸೊಬ್ಬ ಆಪ್ತಸಮಾಲೋಚಕರ ಎದುರು ಕುರ್ಚಿಯಲ್ಲಿ ಕೂತು ಮಾತಾಡುವ ಕಿರುಚಿತ್ರ. ಅದನ್ನು ಮೊದಲ ಸಲ ನೋಡುವವರು “ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ಲ ಸರ್” ಎನ್ನುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎಂದು ಹಿನ್ನೆಲೆ ಸಂಗೀತವೇ ಹೇಳಿಕೊಟ್ಟು ನಮ್ಮನ್ನು ಬೆಳೆಸಿದೆ. ಮನಸ್ಸಿನ ಕಾಯಿಲೆಯ ಕಥೆಯಂತೂ ನಮಗೆ ಬಂದದ್ದು ಪುಟ್ಟಣ್ಣ ಕಣಗಾಲ್ ಅವರ ದಾರಿಯಲ್ಲಿ. 1971ರ ‘ಶರಪಂಜರ’ದಲ್ಲಿ ಕಲ್ಪನಾ ಮಾಡಿದ ಕಾವೇರಿ, ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ ಕಣ್ಣಿನ ಸಂಶಯ ಅವಳನ್ನು ಬಿಡುವುದಿಲ್ಲ. 1982ರ ‘ಮಾನಸ ಸರೋವರ’ದಲ್ಲಿ ಮನೋವೈದ್ಯನೇ ಕೊನೆಗೆ ಬುದ್ಧಿ ಕಳೆದುಕೊಳ್ಳುತ್ತಾನೆ. ಎರಡೂ ದೊಡ್ಡ ಚಿತ್ರಗಳು. ಅಲ್ಲಿ ನೋವು ಕಿರುಚುತ್ತದೆ. ನಾನು ಹೇಳುತ್ತಿರುವ ಚಿತ್ರಗಳಲ್ಲಿ ನೋವು ಕೈಕಟ್ಟಿ ಕೂತಿರುತ್ತದೆ.

ಈ ಕಲೆಯ ಹಿರಿಯ ಬಸ್ಟರ್ ಕೀಟನ್. 1895ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯ ಜೊತೆ ರಂಗದ ಮೇಲೆ ಬಿದ್ದೆದ್ದು ನಗಿಸುತ್ತಿದ್ದ ಹುಡುಗ. ತಾನು ನಕ್ಕರೆ ಜನರ ನಗು ಕಡಿಮೆಯಾಗುತ್ತದೆ ಎಂದು ಆಗಲೇ ಕಂಡುಕೊಂಡ. 1924ರ ‘ಷರ್ಲಾಕ್ ಜೂನಿಯರ್’ನಲ್ಲಿ ಅವನು ಟಾಕೀಸಿನಲ್ಲಿ ರೀಲು ಓಡಿಸುವವನು. ಮಾಡದ ಕಳ್ಳತನ ತಲೆಗೆ ಬಂದು, ಮೆಚ್ಚಿದ ಹುಡುಗಿಯ ಮನೆಯಿಂದ ಹೊರಬೀಳುತ್ತಾನೆ. ಯಂತ್ರದ ಪಕ್ಕದಲ್ಲೇ ನಿದ್ದೆ ಹೋಗಿ, ಕನಸಿನಲ್ಲಿ ಎದ್ದು ಪರದೆಯ ಒಳಗೇ ನಡೆದುಬಿಡುತ್ತಾನೆ. ಮುಖದಲ್ಲಿ ಮಾತ್ರ ದೂರು ಇಲ್ಲ. ಆ ದೂರನ್ನು ನಾವು ಅವನ ಪರವಾಗಿ ಹೇಳಿಕೊಳ್ಳಬೇಕು. ಚಿತ್ರ ಮುಕ್ಕಾಲು ಗಂಟೆಯದು, ಮೂಕಿ. ಭಾಷೆಯ ತೊಡಕಿಲ್ಲದ ಕಾರಣ ಹೊಸಬರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಆಮೇಲೆ ಆ ಕುರ್ಚಿಯ ಕಿರುಚಿತ್ರಕ್ಕೆ ಬನ್ನಿ. ನೋಡುವಾಗ ಮಾತು ಮುಗಿದ ಮೇಲೆ ಉಳಿಯುವ ಬಿಡುವನ್ನು ಗಮನಿಸಿ. ಸಮಾಲೋಚಕರು “ಹೇಗಿದ್ದೀರಿ?” ಎನ್ನುತ್ತಾರೆ, ಅವನು “ಆರಾಮ” ಎನ್ನುತ್ತಾನೆ. ಕ್ಯಾಮೆರಾ ಕದಲುವುದಿಲ್ಲ. ಎರಡು ಕ್ಷಣ, ನಾಲ್ಕು ಕ್ಷಣ. ಅಷ್ಟರಲ್ಲಿ “ಆರಾಮ” ಎಂಬುದು ಸುಳ್ಳೆಂದು ನಮಗೇ ಗೊತ್ತಾಗುತ್ತದೆ. ನಿಜವಾದ ಆಪ್ತಸಮಾಲೋಚನೆಯೂ ನಡೆಯುವುದು ಹೀಗೇ. ಕೇಳುವವರು ಅವಸರದಲ್ಲಿ ಬುದ್ಧಿವಾದ ತುಂಬುವುದಿಲ್ಲ. ಮೌನವನ್ನು ತೆರವಾಗಿ ಬಿಡುತ್ತಾರೆ, ಹೇಳುವವನು ತನ್ನಷ್ಟಕ್ಕೆ ಅದರೊಳಗೆ ಬರುತ್ತಾನೆ. (ಅಂಥ ಕಿವಿ ನಿಮಗೇ ಬೇಕಾಗಿದ್ದರೆ ಸಂಕೋಚ ಬೇಡ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದುಡ್ಡಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.)

ಕನ್ನಡದಲ್ಲಿ ಈ ಮುಗುಮ್ಮಿನ ನಗುವಿಗೆ ತೀರ ಹತ್ತಿರದ ಚಿತ್ರ ರಾಮ್ ರೆಡ್ಡಿ ಅವರ ‘ತಿಥಿ’. ಕಿರುಚಿತ್ರವಲ್ಲ, ಸಮಾಲೋಚಕರ ಕೋಣೆಯೂ ಇಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, 2016ರ ಮೇ ತಿಂಗಳಲ್ಲಿ ನಮ್ಮ ಟಾಕೀಸುಗಳಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಿನ ಕಥೆ, ಈರೇಗೌಡರ ಬರವಣಿಗೆ, ಅಭಿನಯಿಸಿದವರು ಹಳ್ಳಿಯ ಜನ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈದು, ಎದ್ದು ನಾಲ್ಕು ಹೆಜ್ಜೆ ಹಾಕಿ ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯತ್ತ ಎಲ್ಲರೂ ಓಡುತ್ತಾರೆ, ಮಗ ಗಡ್ಡಪ್ಪ ಒಬ್ಬನನ್ನು ಬಿಟ್ಟು. ಅವನಿಗೆ ಹೊಲ ಬೇಡ, ಹಣ ಬೇಡ. ಟೈಗರ್ ಬ್ರಾಂದಿಯ ಬಾಟಲಿ ಹಿಡಿದು ತಿರುಗುತ್ತಾನೆ. ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಿ ಜಮೀನು ಮಾರಲು ಅವನ ಮಗ ತಮ್ಮಣ್ಣ ಹೊರಡುತ್ತಾನೆ. ಗಡ್ಡಪ್ಪನ ಮುಖ ಆಗಲೂ ಹಾಗೇ ಇರುತ್ತದೆ. ನಾವು ನಗುತ್ತಲೇ ಇರುತ್ತೇವೆ.

ಆಮೇಲೆ ಅವನು ಕುರಿಗಾಹಿಗಳ ಜೊತೆ ಸೇರುತ್ತಾನೆ. ರಾಶಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬುವುದನ್ನು ಕಂಡ ನಮ್ಮ ತಾಲ್ಲೂಕಿನವರಿಗೆ ಆ ಬಿಡಾರ ಹೊಸದಲ್ಲ. ನೆಂಟರ ಮುಂದೆ ಆಡದ ಮಾತನ್ನು ಆ ಅಪರಿಚಿತರ ಮುಂದೆ ಗಡ್ಡಪ್ಪ ಆಡುತ್ತಾನೆ, ತಾನೇಕೆ ಮನೆಯಲ್ಲಿ ನಿಲ್ಲದವನಾದೆ ಎಂದು. ಏನು ಹೇಳುತ್ತಾನೆಂದು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿದ ಮೇಲೆ ಚಿತ್ರವನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿ, ಅವನು ಸುಮ್ಮನೆ ನಡೆದುಹೋಗುವ ಆ ಆರಂಭದ ದೃಶ್ಯಗಳನ್ನು ನೋಡಿ.