ಬೋರ್ ಮತ್ತು ಬೆಏರ್: ಹೀಬ್ರೂ ಬೈಬಲ್ಲಿನ ಎರಡು ಬಾವಿ

ಸನಮಡಿಯಲ್ಲಿ ‘ಬೋರ್’ ಅಂದರೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಎಷ್ಟು ಫೂಟಿಗೆ ನೀರು ಬಿತ್ತು, ಯಾರ ಬೋರ್ ಈ ಸಲ ಬತ್ತಿತು ಎಂಬುದು ಜತ್ತ ತಾಲೂಕಿನ ಬೇಸಿಗೆಯ ಮಾತು. ಹೀಬ್ರೂ ಬೈಬಲ್ಲನ್ನು ಹೊಸದಾಗಿ ಓದಲು ಕೂತವರಿಗೆ ಅಲ್ಲಿಯೂ ಒಂದು ‘ಬೋರ್’ ಸಿಗುತ್ತದೆ. ಉಚ್ಚಾರ ಒಂದೇ, ನಂಟು ಏನೇನೂ ಇಲ್ಲ. ನಮ್ಮ ಬೋರ್ ಇಂಗ್ಲಿಷಿನಿಂದ ಬಂದದ್ದು. ನೆಲ ಕೊರೆದು ಒಳಗಿನ ನೀರನ್ನು ಹುಡುಕುವಂಥದ್ದು. ಹೀಬ್ರೂ ಬೋರ್‌ನಲ್ಲಿ ಒಳಗಿನ ನೀರೇ ಇಲ್ಲ. ಮೇಲಿಂದ ಬಿದ್ದ ಮಳೆಯನ್ನು ಹಿಡಿದಿಡುವ ಗುಂಡಿ ಅದು. ಸೆಲೆಯಿರುವ ಬಾವಿಗೆ ಆ ಭಾಷೆಯಲ್ಲಿ ಬೇರೆಯೇ ಪದವಿದೆ: ‘ಬೆಏರ್’. ಕನ್ನಡದಲ್ಲಿ ಎರಡನ್ನೂ ‘ಬಾವಿ’ ಅಂದುಬಿಟ್ಟರೆ ಒಂದು ದೊಡ್ಡ ವಿಷಯ ಕೈತಪ್ಪುತ್ತದೆ. ಅದಕ್ಕೇ ಇವೆರಡನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ಬೆಏರ್. ಬೇರ್ಷೆಬ ಎಂಬ ಊರಿನ ಹೆಸರಿನಲ್ಲಿ ಇರುವುದು ಇದೇ ಪದ. ಆದಿಕಾಂಡದ 26ನೆಯ ಅಧ್ಯಾಯದ ಹೆಚ್ಚಿನ ಭಾಗ ಬಾವಿಯ ಕಥೆ ಎನ್ನಬಹುದು. ತಂದೆ ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿದ್ದರು. ಇಸಾಕ ಅವನ್ನು ಮತ್ತೆ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟ. ಆಮೇಲೆ ಅವನ ಆಳುಗಳು ಕಣಿವೆಯಲ್ಲಿ ಹೊಸ ಬಾವಿ ತೋಡಿದಾಗ ಗೆರಾರಿನ ಕುರುಬರು ನೀರು ತಮ್ಮದೆಂದು ಜಗಳಕ್ಕೆ ನಿಂತರು. ಆ ಬಾವಿಯ ಹೆಸರು ಏಸೆಕ್, ಅಂದರೆ ತಂಟೆ. ಇನ್ನೊಂದು ತೋಡಿದರು, ಅಲ್ಲಿಯೂ ಜಗಳ. ಅದು ಸಿಟ್ನಾ, ಹಗೆ. ಮೂರನೆಯದಕ್ಕೆ ಯಾರೂ ಅಡ್ಡ ಬರಲಿಲ್ಲ. ಅದು ರೆಹೋಬೋತ್, ಕಾಲು ಚಾಚುವಷ್ಟು ಜಾಗ. ಮಹಾರಾಷ್ಟ್ರದ ಮ್ಹೈಸಾಳ ಯೋಜನೆಯ ನೀರು, ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಎಂದು ಎರಡು ರಾಜ್ಯಗಳ ಕಡೆ ನೋಡುತ್ತ ಕೂತ ತಾಲೂಕಿನವರಿಗೆ ಈ ಹೆಸರುಗಳ ಭಾರ ನಾನು ಹೇಳಿಕೊಡಬೇಕಾಗಿಲ್ಲ.

ಆ ಕಣಿವೆಯ ಬಾವಿಯನ್ನು ಮೂಲದಲ್ಲಿ ‘ಬೆಏರ್ ಮಾಯಿಮ್ ಹಯ್ಯೀಮ್’ ಎಂದಿದೆ. ಪದಕ್ಕೆ ಪದ ಇಟ್ಟರೆ, ಜೀವವಿರುವ ನೀರಿನ ಬಾವಿ. ಹೊಸಬರು ಇಲ್ಲಿ ತಟ್ಟನೆ ಅಧ್ಯಾತ್ಮಕ್ಕೆ ಹಾರುತ್ತಾರೆ. ಸ್ವಲ್ಪ ತಡೆಯಿರಿ. ಇದರ ಮೊದಲ ಅರ್ಥ ಬಹಳ ಸಾದಾ: ನಿಂತ ನೀರಲ್ಲ, ಒಸರುವ, ಹರಿಯುವ ನೀರು. ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಚರ್ಮರೋಗ ವಾಸಿಯಾದವನ ಶುದ್ಧಿಗೆ ಬೇಕಾದದ್ದೂ ಇಂಥ ನೀರೇ. ಸೆಲೆಗೆ ಹೀಬ್ರೂವಿನಲ್ಲಿ ‘ಐನ್’ ಎನ್ನುತ್ತಾರೆ. ಕಣ್ಣಿಗೂ ಅದೇ ಪದ. ಬಾವಿಯ ತಳದಲ್ಲಿ ಜಲಗಣ್ಣು ಕಾಣುವ ಕನ್ನಡಿಗರಿಗೆ ಇದು ಪರದೇಶದ ಮಾತು ಅನ್ನಿಸುವುದಿಲ್ಲ.

ನನಗೆ ತುಂಬ ಪ್ರಿಯವಾದದ್ದೊಂದು ಇಲ್ಲಿದೆ. ಬೆಏರ್‌ನ ಅದೇ ಮೂರು ಅಕ್ಷರಗಳಿಂದ ಒಂದು ಕ್ರಿಯಾಪದ ಆಗುತ್ತದೆ: ತಿಳಿಯಾಗಿ ಹೇಳು, ಬಿಡಿಸಿ ಹೇಳು. ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿ ಮೋಶೆ ಜನರಿಗೆ ಧರ್ಮಶಾಸ್ತ್ರವನ್ನು ವಿವರಿಸತೊಡಗಿದ ಎನ್ನುವಾಗ ಬಳಸಿರುವುದು ಇದನ್ನೇ. ಪಾಠ ಹೇಳಲು ಕೂತಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ಇನ್ನು ಬೋರ್. ಅದರ ಆಕಾರ ತಿಳಿಯಲು ನಮ್ಮ ಹಗೇವು ನೆನೆದರೆ ಸಾಕು: ಬಾಯಿ ಕಿರಿದು, ಹೊಟ್ಟೆ ಅಗಲ. ಜೋಳದ ಬದಲು ಮಳೆನೀರು. ಆ ಸೀಮೆಯಲ್ಲಿ ಮಳೆ ಚಳಿಗಾಲದ್ದು, ಬೇಸಿಗೆಗೆ ಹನಿಯೂ ಇಲ್ಲ. ಗುಡ್ಡದ ಸುಣ್ಣಕಲ್ಲು ಕಡಿದು ಗುಂಡಿ ಮಾಡಿ, ನೀರು ಇಂಗದಂತೆ ಒಳಗೆ ಗಾರೆ ಮೆತ್ತುತ್ತಿದ್ದರು. ಕ್ರಿ.ಪೂ. 9ನೆಯ ಶತಮಾನದಲ್ಲಿ ಮೋವಾಬಿನ ಅರಸ ಮೇಷ ಕೆತ್ತಿಸಿದ ಶಾಸನದಲ್ಲಿಯೂ ಈ ಪದವಿದೆ. ಊರೊಳಗೆ ಬೋರ್ ಇರಲಿಲ್ಲ, ಪ್ರತಿ ಮನೆಯವರೂ ಒಂದೊಂದು ಮಾಡಿಕೊಳ್ಳಿರೆಂದು ಅವನು ಅಪ್ಪಣೆ ಕೊಟ್ಟಿದ್ದ.

ನೀರು ತೀರಿದ ಬೋರ್ ಮಾತ್ರ ಭಯದ ಜಾಗ. ಅಣ್ಣಂದಿರು ಯೋಸೇಫನನ್ನು ತಳ್ಳಿದ್ದು ಒಣ ಬೋರ್‌ಗೆ. ಸೆರೆಮನೆಗೂ ಅದೇ ಹೆಸರು ಬಂತು. ಕೀರ್ತನೆಗಳಲ್ಲಿ ಬೋರ್‌ಗೆ ಇಳಿಯುವವರು ಅಂದರೆ ಸತ್ತವರು. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ: ಬೋರ್ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ತೋಡಿದವನೇ ಅದರ ಬೆಲೆ ತೆರಬೇಕು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಹೊರತೆಗೆದರು. ಆ ದಿನ ಉಸಿರು ಬಿಗಿಹಿಡಿದು ಕೂತವರಿಗೆ ಈ ಕಟ್ಟಳೆ ಹಳೆಯದಾಗಿ ಕಾಣಲಾರದು.

ಈಗ ಯೆರೆಮೀಯನ ಎರಡನೆಯ ಅಧ್ಯಾಯದ 13ನೆಯ ವಚನ ತೆಗೆಯಿರಿ. ಜನ ಎರಡು ತಪ್ಪು ಮಾಡಿದರೆಂದು ದೇವರ ದೂರು. ಹಯ್ಯೀಮ್ ನೀರಿನ ಬುಗ್ಗೆಯಾದ ತನ್ನನ್ನು ಬಿಟ್ಟರು, ಇದು ಒಂದು. ಬಿಟ್ಟು, ಮೈಮುರಿದು ಬಂಡೆ ಕಡಿದು ಬೋರ್‌ಗಳನ್ನು ಮಾಡಿಕೊಂಡರು. ಅವೂ ಬಿರುಕುಬಿಟ್ಟವು, ನೀರು ನಿಲ್ಲದವು. ಗಾರೆ ಸೀಳಿದರೆ ಚಳಿಗಾಲದ ಮಳೆಯೆಲ್ಲ ಕಾಣದಂತೆ ಇಂಗಿಹೋಗುತ್ತದೆ, ಗೊತ್ತಾಗುವುದು ಬೇಸಿಗೆಯಲ್ಲಿ ಕೊಡ ಇಳಿಬಿಟ್ಟಾಗ. ಪಕ್ಕದಲ್ಲೇ ಸೆಲೆ ಇದ್ದೂ ಇಷ್ಟು ಬೆವರು ಸುರಿಸಿದರಲ್ಲ ಎಂಬ ಸಂಕಟ ಆ ಮಾತಿನಲ್ಲಿದೆ. ಬೈಗುಳಕ್ಕಿಂತ ಸಂಕಟವೇ ಹೆಚ್ಚು ಎಂದು ನನ್ನ ಓದು.

ಇದೇ ಯೆರೆಮೀಯನನ್ನು ಮುಂದೆ, 38ನೆಯ ಅಧ್ಯಾಯದಲ್ಲಿ, ಅಧಿಕಾರಿಗಳು ಹಗ್ಗದಿಂದ ಒಂದು ಬೋರ್‌ಗೆ ಇಳಿಬಿಡುತ್ತಾರೆ. ಅದರಲ್ಲಿ ನೀರಿಲ್ಲ, ಬರೀ ಕೆಸರು. ಅವನು ಕೆಸರಲ್ಲಿ ಹೂತುಹೋಗುತ್ತಾನೆ. ಅರಮನೆಯಲ್ಲಿ ಕೆಲಸಕ್ಕಿದ್ದ ಕೂಷ್ ದೇಶದ ಎಬೆದ್ಮೆಲೆಕ ಅರಸನ ಅಪ್ಪಣೆ ಪಡೆದು 30 ಜನರೊಂದಿಗೆ ಬರುತ್ತಾನೆ. ಬರುವಾಗ ಹಳೆಯ ಹರಕು ಬಟ್ಟೆಗಳನ್ನೂ ತರುತ್ತಾನೆ. ಮೊದಲು ಅವನ್ನು ಇಳಿಬಿಟ್ಟು, ಕಂಕುಳಿಗೆ ಇಟ್ಟುಕೊಂಡು ಆಮೇಲೆ ಹಗ್ಗ ಕಟ್ಟಿಕೋ ಎಂದು ಮೇಲಿಂದ ಕೂಗಿ ಹೇಳುತ್ತಾನೆ.